ಅಳಿಸಲೆಂದೇ ಎಳೆದ ಗೆರೆ

ಶಿವಮೊಗ್ಗದಿಂದ ಭದ್ರಾವತಿಗೆ ಹೊರಟ ಬಸ್ಸು ತುಂಗಾ ಸೇತುವೆ ದಾಟಿ, ವಿದ್ಯಾನಗರ, ಹರಿಗೆ ಕಳೆದು ಮಲವಗೊಪ್ಪಕ್ಕೆ ಬರುತ್ತದೆ. ಕಿಟಕಿಯ ಪಕ್ಕ ಕುಳಿತವರಿಗೆ ಊರು ಬಂದದ್ದೂ ಗೊತ್ತಾಗುವುದಿಲ್ಲ, ಹಿಂದೆ ಸರಿದದ್ದೂ ಗೊತ್ತಾಗುವುದಿಲ್ಲ. 'ಕೊಪ್ಪ' ಎಂದರೆ ಚಿಕ್ಕ ಹಳ್ಳಿ. ಮಾತಿನ ಓಟದಲ್ಲಿ ಅದು 'ಗೊಪ್ಪ' ಆಗಿದೆ. ಒಂದು ಕಡೆ ತುಂಗೆ, ಇನ್ನೊಂದು ಕಡೆ ಭದ್ರೆ, ನಡುವೆ ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಒಂದು ಕಾಲಕ್ಕೆ ಇಲ್ಲಿನ ಸಕ್ಕರೆ ಕಾರ್ಖಾನೆಯೇ ಊರಿನ ಗುರುತಾಗಿತ್ತು. ಅದರ ಗಾಣ ನಿಂತು ಬಹಳ ಕಾಲವಾಯಿತು. ಶಿವಮೊಗ್ಗ ನಗರ ಬೆಳೆಯುತ್ತ ಬಂದು ಮಲವಗೊಪ್ಪವನ್ನು ತನ್ನೊಳಗೆ ಸೇರಿಸಿಕೊಂಡಿದೆ.

ಪ್ರವಾಸಿ ಮಾರ್ಗದರ್ಶಿಗಳಲ್ಲಿ ಈ ದಾರಿಗೆ ಜಾಗವಿಲ್ಲ. ಜೋಗಕ್ಕೆ ಹೋಗುವವರು ಸಾಗರದ ಕಡೆ ತಿರುಗುತ್ತಾರೆ, ಆನೆ ನೋಡುವವರು ಸಕ್ರೆಬೈಲಿಗೆ ಹೋಗುತ್ತಾರೆ. ಮಲವಗೊಪ್ಪದಿಂದ ಭದ್ರಾವತಿಯವರೆಗಿನ ಹಾದಿಯನ್ನು ಊರು ಸೇರುವ ಅವಸರದಲ್ಲಿರುವವರು ಮಾತ್ರ ಹಿಡಿಯುತ್ತಾರೆ. ಆದರೆ ಈ ಹಾದಿಯಲ್ಲಿ ಒಂದು ಬಿಳಿ ಗೆರೆಯನ್ನು ಹುಡುಕಿಕೊಂಡು ಹೋದವರಿಗೆ ನಿರಾಸೆಯಾಗದು. ಅದು ಡಾಂಬರಿನ ನಡುವೆ ಬಳಿದ ಗೆರೆಯಲ್ಲ; ಬಳಪದ ಗೆರೆ.

ಫ್ರಾನ್ಸಿನ ಹೆಸರು, ಮನೆಯ ಕಲ್ಲು

ರಸ್ತೆಬದಿಯ ಯಾವ ಊರಿನಲ್ಲಾದರೂ ಸರಿ, ಟೈರು ಪಂಕ್ಚರ್ ಹಾಕುವ ಅಂಗಡಿಯ ಮುಂದೆ ಒಂದು ಗಳಿಗೆ ನಿಂತು ನೋಡಿ. ಟ್ಯೂಬಿಗೆ ತೇಪೆ ಹಾಕಿದ ಮೇಲೆ ಅದು ಟೈರಿಗೆ ಅಂಟಿಕೊಳ್ಳದಿರಲೆಂದು ಬಿಳಿ ಪುಡಿ ಉದುರಿಸುವುದುಂಟು. ಅದರ ಹೆಸರು ಫ್ರೆಂಚ್ ಚಾಕ್. ದರ್ಜಿ ಬಟ್ಟೆ ಕತ್ತರಿಸುವ ಮೊದಲು ಗುರುತು ಹಾಕಲು ಬಳಸುವ ಚಪ್ಪಟೆ ಬಿಲ್ಲೆಯೂ ಇದೇ ಜಾತಿಯದು. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ತಗಡಿನ ಮೇಲೆ ಅಳತೆ ಗುರುತಿಸುವುದಕ್ಕೂ ಇದೇ ಬೇಕು. ಶಾಲೆಯ ಸೀಮೆಸುಣ್ಣದ ಗೆರೆ ಗ್ಯಾಸಿನ ಉರಿ ತಾಗಿದೊಡನೆ ಮಾಸಿಹೋಗುತ್ತದೆ. ಫ್ರೆಂಚ್ ಚಾಕಿನ ಗೆರೆ ಬಿಸಿಗೆ ಅಷ್ಟು ಸುಲಭವಾಗಿ ಸೋಲುವುದಿಲ್ಲ.

ಹೆಸರಿನಲ್ಲಿ ಫ್ರಾನ್ಸ್ ಇದೆ ನಿಜ. ಆಲ್ಪ್ಸ್ ಪರ್ವತದ ಬ್ರಿಯಾನ್ಸೋಂ ಎಂಬ ಊರಿನ ಹೆಸರಿನಿಂದ ಈ ಕಲ್ಲು ಯುರೋಪಿನ ಮಾರುಕಟ್ಟೆಗಳಲ್ಲಿ ಪರಿಚಿತವಾಗಿತ್ತು. ಆದರೆ ಕಲ್ಲಿನ ಒಳಗುಟ್ಟು ನಮ್ಮದೇ. ವಿಜ್ಞಾನಿಗಳು ಟಾಲ್ಕ್ ಎಂದು ಕರೆಯುವ ಈ ಖನಿಜ ಕಾಠಿಣ್ಯದ ಅಳತೆಗೋಲಿನಲ್ಲಿ ಎಲ್ಲಕ್ಕಿಂತ ಕೆಳಗಿನದು. ಹತ್ತರಲ್ಲಿ ಒಂದು ಅಂಕ ಪಡೆದದ್ದು. ಉಗುರಿನಿಂದ ಕೆರೆದರೂ ಗೀರು ಬೀಳುತ್ತದೆ. ಇದೇ ಖನಿಜ ಇತರ ಖನಿಜಗಳೊಡನೆ ಬೆರೆತು ಬಂಡೆಯಾದಾಗ ಕನ್ನಡಿಗರು ಅದನ್ನು ಬಳಪದ ಕಲ್ಲು ಎಂದರು. ಸ್ಲೇಟಿನ ಮೇಲೆ 'ಅ ಆ ಇ ಈ' ತಿದ್ದಿಸಿದ್ದು ಈ ಕಲ್ಲಿನ ಕಡ್ಡಿ. ಮಲೆನಾಡಿನ ಅಡುಗೆಮನೆಯಲ್ಲಿ ಹುಳಿ ತಿಂದರೂ ಕೆಡದೆ ಉಳಿದದ್ದು ಈ ಕಲ್ಲಿನ ಮರಿಗೆ. ಬೇಲೂರು, ಹಳೇಬೀಡುಗಳ ಮದನಿಕೆಯರು ಮೂಡಿದ್ದೂ ಇದೇ ಬಂಧುಬಳಗದ ಕಲ್ಲಿನಲ್ಲಿ.

ಗೆರೆ ಎಳೆಯುವ ಬಳಪ, ಗೆರೆಯನ್ನು ಹೊತ್ತು ನಿಲ್ಲುವ ಕಲ್ಲು ಎರಡೂ ಒಂದೇ ಮನೆತನದವು ಎಂಬುದು ನೆನಪಿನಲ್ಲಿಡಬೇಕಾದ ಸಂಗತಿ. ಮುಂದಿನ ದಾರಿಗೆ ಅದು ಬೇಕಾಗುತ್ತದೆ.

ಪ್ಯಾರಿಸ್ಸಿನ ಕೆಂಪು ಗೆರೆ

ಫ್ರಾನ್ಸಿನ ಚಿತ್ರಕಾರರು 'ಚಾಕ್' ಎಂದಾಗ ಅವರ ಮನಸ್ಸಿನಲ್ಲಿ ಮೂರು ಬಣ್ಣಗಳಿದ್ದವು. ಕಪ್ಪು ಚಾಕ್ ಇಂಗಾಲ ಬೆರೆತ ಮೆದು ಕಲ್ಲು. ಬಿಳಿಯದು ಸುಣ್ಣದ ಕಲ್ಲು, ಇಲ್ಲವೇ ನಮ್ಮ ಬಳಪದಂಥದು. ಕೆಂಪು ಚಾಕ್ ಕಬ್ಬಿಣದ ಅಂಶದಿಂದ ಕೆಂಪಾದ ಜೇಡಿ, ಅಂದರೆ ಹೆಚ್ಚು ಕಡಿಮೆ ನಮ್ಮ ಕೆಮ್ಮಣ್ಣು. 18ನೆಯ ಶತಮಾನದ ಫ್ರಾನ್ಸಿನಲ್ಲಿ ಈ ಕೆಂಪು ಚಾಕಿನ ಚಿತ್ರಕ್ಕೆ ಅಪಾರ ಬೇಡಿಕೆ ಇತ್ತು.

ಈ ಚಿತ್ರಗಳಲ್ಲಿ ಬಹಳಷ್ಟು ತಮ್ಮಷ್ಟಕ್ಕೆ ತಾವು ಪೂರ್ಣವಾದವುಗಳಲ್ಲ. ಎಚಿಂಗ್ ಎಂಬ ಮುದ್ರಣ ಕಲೆಗೆ ಮಾಡಿಕೊಂಡ ತಯಾರಿ. ಎಚಿಂಗ್ ಮಾಡುವ ಬಗೆ ಹೀಗೆ: ತಾಮ್ರದ ತಗಡನ್ನು ನುಣುಪು ಮಾಡಿ ಮೇಲೆ ಮೇಣದ ತೆಳು ಲೇಪ ಕೊಡುತ್ತಾರೆ. ಕಾಗದದಲ್ಲಿ ಬರೆದ ಚಿತ್ರದ ಬೆನ್ನಿಗೆ ಚಾಕ್ ಉಜ್ಜಿ, ತಗಡಿನ ಮೇಲಿಟ್ಟು, ಮೊಂಡು ಮೊನೆಯಿಂದ ಗೆರೆಗಳ ಮೇಲೆಯೇ ಒತ್ತಿ ತಿದ್ದುತ್ತಾರೆ. ಗೆರೆ ಮೇಣಕ್ಕೆ ಇಳಿಯುತ್ತದೆ. ಆಮೇಲೆ ಸೂಜಿಯಿಂದ ಆ ಗೆರೆಗುಂಟ ಮೇಣವನ್ನು ಕೆರೆದು ತಗಡನ್ನು ಆಮ್ಲದಲ್ಲಿ ಅದ್ದಿದರೆ, ಮೇಣ ಹೋದ ಕಡೆಯಲ್ಲೆಲ್ಲ ಆಮ್ಲ ತಾಮ್ರವನ್ನು ತಿನ್ನುತ್ತದೆ. ಆ ಕೊರಕಲಿಗೆ ಮಸಿ ತುಂಬಿ, ಒದ್ದೆ ಕಾಗದವನ್ನಿಟ್ಟು ಒತ್ತಿದರೆ ಅಚ್ಚು ಸಿದ್ಧ. ಕನ್ನಡಿಯಲ್ಲಿ ಕಂಡಂತೆ ಎಡ ಬಲವಾಗಿ, ಬಲ ಎಡವಾಗಿ ಚಿತ್ರ ಹೊರಬರುತ್ತದೆ. ಒಂದು ತಗಡಿನಿಂದ ನೂರಾರು ಪ್ರತಿ ತೆಗೆಯಬಹುದು. ಇಷ್ಟಕ್ಕೆಲ್ಲ ಮೂಲವಾದ ಚಾಕ್ ಚಿತ್ರದ ಪಾಡೇನು? ಮೊನೆ ಒತ್ತಿದ ಗುರುತು ಮೈತುಂಬ ಹೊತ್ತು, ಮಸುಕಾಗಿ, ಮೂಲೆ ಸೇರುತ್ತದೆ.

ಎಡ್ಮ್ ಬೂಶಾರ್ದೋಂ (1698–1762) ಎಂಬ ಶಿಲ್ಪಿಯ ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ. ಪ್ಯಾರಿಸ್ಸಿನ ಬೀದಿಯಲ್ಲಿ ಕೂಗಿ ಮಾರುವವರನ್ನು, ನೀರು ಹೊರುವವರನ್ನು, ಬುಟ್ಟಿ ಹೊತ್ತವರನ್ನು ಆತ ಕೆಂಪು ಚಾಕಿನಲ್ಲಿ ಬರೆದ. ಗೆಳೆಯನಾದ ಕೌಂಟ್ ಕೇಲ್ಯೂಸ್ ಅವುಗಳನ್ನು ಎಚಿಂಗ್‌ಗೆ ಇಳಿಸಿದ. 1737ರಿಂದ 1746ರ ನಡುವೆ ಹನ್ನೆರಡು ಹನ್ನೆರಡರ ಐದು ಕಂತುಗಳಲ್ಲಿ 60 ಚಿತ್ರಗಳು ಪ್ರಕಟವಾದವು. ಬೀದಿಯವರ ಕೊಡ, ಬುಟ್ಟಿ, ಕೈಗತ್ತರಿಗಳು ಅರಮನೆಯವರ ಗೋಡೆ ಏರಿದ್ದು ಹೀಗೆ.

ಇನ್ನು ಮೇಜಿನ ಮೇಲೆ ಪಾತ್ರೆ, ಹಣ್ಣು, ಹೂವು ಇಟ್ಟು ಬರೆಯುವ ಚಿತ್ರಕ್ಕೆ ಇಂಗ್ಲಿಷಿನಲ್ಲಿ 'ಸ್ಟಿಲ್ ಲೈಫ್' ಎನ್ನುತ್ತಾರೆ. ಕನ್ನಡದ ಡ್ರಾಯಿಂಗ್ ಮೇಷ್ಟ್ರುಗಳು ಅದಕ್ಕೆ 'ವಸ್ತುಚಿತ್ರ' ಎಂದು ಹೆಸರಿಟ್ಟರು. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಕುಳಿತ ಯಾರನ್ನಾದರೂ ಕೇಳಿ. ಬಕೆಟ್ಟು, ತಂಬಿಗೆ, ಈರುಳ್ಳಿಯನ್ನು ಸ್ಟೂಲಿನ ಮೇಲಿಟ್ಟು ಬರೆಸಿದ ಕತೆ ಹೇಳುತ್ತಾರೆ. ಮೇಷ್ಟ್ರು ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ತಂಬಿಗೆಯ ಬಾಯಿಯ ವೃತ್ತವನ್ನು ಒಂದೇ ಬೀಸಿನಲ್ಲಿ ಎಳೆದು ತೋರಿಸಿ, ಗಂಟೆ ಬಾರಿಸಿದೊಡನೆ ಡಸ್ಟರಿನಿಂದ ಒರೆಸಿಬಿಡುತ್ತಿದ್ದರು. ಕರ್ನಾಟಕದ ಎಷ್ಟೋ ಒಳ್ಳೆಯ ವಸ್ತುಚಿತ್ರಗಳು ಹೀಗೆ ನಲವತ್ತೈದು ನಿಮಿಷ ಬದುಕಿ ಹೋಗಿವೆ.

ಫ್ರಾನ್ಸಿನಲ್ಲಿ ಹಾಗಾಗಲಿಲ್ಲ. 1671ರಲ್ಲಿ ದೊರೆ ಹದಿನಾಲ್ಕನೆಯ ಲೂಯಿ, ಯಾಬಾಖ್ ಎಂಬ ಸಂಗ್ರಾಹಕನಿಂದ ಒಂದೇ ಬಾರಿಗೆ 5,542 ರೇಖಾಚಿತ್ರಗಳನ್ನು ಕೊಂಡ. ಲೂವ್ರ್ ಸಂಗ್ರಹಾಲಯದ ರೇಖಾಚಿತ್ರ ಭಂಡಾರಕ್ಕೆ ಅದೇ ಬುನಾದಿ. ಕೆಲಸ ಮುಗಿದ ಮೇಲೆ ಎಸೆಯಬಹುದಾಗಿದ್ದ ಕಾಗದಕ್ಕೂ ಬೆಲೆ ಉಂಟು ಎಂದು ತಿಳಿದ ಜನ ಅಲ್ಲಿದ್ದರು. ಕೊನೆಯ ಅಚ್ಚು ಕಲಾವಿದ ಏನು ಮಾಡಿದ ಎಂಬುದನ್ನು ತೋರಿಸುತ್ತದೆ. ಮೊದಲ ಗೆರೆ ಆತ ಹೇಗೆ ಯೋಚಿಸಿದ ಎಂಬುದನ್ನು ತೋರಿಸುತ್ತದೆ. ಎಲ್ಲಿ ಅನುಮಾನಪಟ್ಟ, ಎಲ್ಲಿ ತಿದ್ದಿದ, ಎಲ್ಲಿ ಕೈ ಸಲೀಸಾಗಿ ಓಡಿತು ಎಂಬುದೆಲ್ಲ ಅಲ್ಲಿರುತ್ತದೆ.

ಕಬ್ಬಿಣದ ಮೇಲಿನ ಬರಹ

ಮಲವಗೊಪ್ಪ ಬಿಟ್ಟು ಮುಂದೆ ಹೋದರೆ ನಿದಿಗೆ, ಆಮೇಲೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ. ಎರಕದ ಕಾರ್ಖಾನೆಗಳಿಗೆ ಶಿವಮೊಗ್ಗ ಹೆಸರುವಾಸಿ. ಆ ಕಸುಬಿಗೆ ಬೇರು ನೀರು ಕೊಟ್ಟದ್ದು ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಮೈಸೂರು ಸಂಸ್ಥಾನದ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಹುಟ್ಟಿ, 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಕಾರ್ಖಾನೆ ಅದು. ಸುತ್ತಲಿನ ಕಾಡಿನ ಇದ್ದಿಲೇ ಅದರ ಕುಲುಮೆಗೆ ಉರುವಲು. ಅದಿರು ಬಂದದ್ದು ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ.

ಕೆಮ್ಮಣ್ಣುಗುಂಡಿ! ಪ್ರವಾಸಿಗರು ಹೂದೋಟ ನೋಡಲು ಹೋಗುವ ಗಿರಿಧಾಮದ ಹೆಸರಿನಲ್ಲೇ ಕೆಂಪು ಮಣ್ಣಿನ ಗುಂಡಿ ಇದೆ. ಪ್ಯಾರಿಸ್ಸಿನ ಚಿತ್ರಕಾರನ ಕೆಂಪು ಚಾಕಿಗೆ ಬಣ್ಣ ಕೊಟ್ಟ ಹೆಮಟೈಟ್ ಎಂಬ ಕಬ್ಬಿಣದ ಅದಿರೇ ಇಲ್ಲಿನ ಮಣ್ಣಿಗೂ ಬಣ್ಣ ಕೊಟ್ಟಿದೆ. ಅಲ್ಲಿ ಅದು ಕಾಗದದ ಮೇಲಿನ ಗೆರೆಯಾಯಿತು, ಇಲ್ಲಿ ಕುಲುಮೆಗೆ ಬಿದ್ದು ಉಕ್ಕಾಯಿತು. ಮರಗೆಲಸದವರು ದಾರವನ್ನು ಕೆಮ್ಮಣ್ಣಿನ ನೀರಿನಲ್ಲಿ ಅದ್ದಿ, ದಿಮ್ಮಿಯ ಮೇಲೆ ಬಿಗಿಹಿಡಿದು ಮೀಟಿ ನೇರ ಗೆರೆ ಹೊಡೆಯುತ್ತಿದ್ದದ್ದನ್ನು ಹಿರಿಯರು ಮರೆತಿರಲಾರರು. ಅದೂ ತಯಾರಿಯ ಚಿತ್ರವೇ. ಗರಗಸ ಆ ಗೆರೆಯನ್ನು ತಿಂದುಕೊಂಡೇ ಮುಂದೆ ಸಾಗುತ್ತದೆ.

ತಗಡಿನ ಕೆಲಸದಲ್ಲೂ ಮೊದಲು 'ಮಾರ್ಕಿಂಗ್', ಆಮೇಲೆ ಉಳಿದದ್ದು. ನಕ್ಷೆಯಲ್ಲಿರುವ ಆಕಾರವನ್ನು ಉಕ್ಕಿನ ಹಲಗೆಯ ಮೇಲೆ ಬಳಪದಿಂದ ನಿಜವಾದ ಅಳತೆಗೆ ಬಿಡಿಸಬೇಕು. ಕೊಳವೆಗೆ ಕೊಳವೆ ಕೂಡುವ ಜಾಗದ ವಕ್ರರೇಖೆ, ಶಂಕುವನ್ನು ಬಿಚ್ಚಿ ಹರಡಿದರೆ ಆಗುವ ಬೀಸಣಿಗೆಯಂಥ ಆಕಾರ, ಉರಿ ತಿನ್ನುವ ಅಂಚಿಗೆ ಬಿಡಬೇಕಾದ ಚೂರು ಜಾಗ, ಇವೆಲ್ಲ ಲೆಕ್ಕಕ್ಕೆ ಬರಬೇಕು. ಒಂದು ನೂಲು ತಪ್ಪಿದರೆ ಹಲಗೆ ಗುಜರಿಗೆ. ಚೆನ್ನಾಗಿ ಮಾರ್ಕಿಂಗ್ ಮಾಡುವವನಿಗೆ ಅಂಗಡಿಯಲ್ಲಿ ಮರ್ಯಾದೆಯೇ ಬೇರೆ. ಆದರೆ ಅವನ ಕೆಲಸವನ್ನು ಹೊರಗಿನವರು ಯಾರೂ ಕಾಣುವುದಿಲ್ಲ. ಗ್ಯಾಸಿನ ಉರಿ ಗೆರೆಗುಂಟ ಹರಿದಾಗ ಗೆರೆಯೇ ಇಲ್ಲವಾಗುತ್ತದೆ. ಸೇತುವೆಯಲ್ಲೋ ಟ್ಯಾಂಕಿಯಲ್ಲೋ ಅದರ ಆಕಾರ ಮಾತ್ರ ಉಳಿಯುತ್ತದೆ. ಈಗ ಗಣಕಯಂತ್ರಕ್ಕೆ ನಕ್ಷೆ ಊಡಿಸಿದರೆ ಸಾಕು, ಕತ್ತರಿಸುವ ಯಂತ್ರವೇ ದಾರಿ ಹುಡುಕಿಕೊಳ್ಳುತ್ತದೆ. ಕೆಲಸ ಬೇಗ ಆಗುತ್ತದೆ, ತಪ್ಪೂ ಕಡಿಮೆ. ಬಳಪ ಹಿಡಿದ ಕೈಗೆ ಮಾತ್ರ ಕೆಲಸವಿಲ್ಲ.

ಭದ್ರಾವತಿಗೂ ಕಾಲ ಸುಲಭವಾಗಿಲ್ಲ. ಉತ್ಪಾದನೆಗೆ ನೂರು ತುಂಬಿದ 2023ರ ಜನವರಿಯಲ್ಲೇ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಹೋರಾಟಕ್ಕೆ ಇಳಿದರು. ಕೆಲಸ ಒಂದಿಷ್ಟು ಮತ್ತೆ ಶುರುವಾಯಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಅದಕ್ಕೂ ಮೊದಲೇ ನಿಂತುಹೋಗಿತ್ತು. ಪತ್ರಿಕೆಗಳಿಗೆ ಹಾಳೆ ಒದಗಿಸಿದ ಊರು ಇದು. ಉಕ್ಕಿನ ಗೆರೆಯೂ ಕಾಗದದ ಗೆರೆಯೂ ಒಂದೇ ಊರಿನಲ್ಲಿ ಮಸುಕಾಗಿವೆ.

ಕಲ್ಲಿನೊಳಗೆ ಕರಗಿದ ಚಿತ್ರ

ಕಾರ್ಖಾನೆಯ ಊರೆಂದೇ ಹೆಸರಾದ ಭದ್ರಾವತಿಗೆ ಅದಕ್ಕಿಂತ ಹಳೆಯ ಇನ್ನೊಂದು ಮುಖವಿದೆ. ಊರಿನ ಹಿಂದಿನ ಹೆಸರು ಬೆಂಕಿಪುರ. ಹಳೆಯ ಪೇಟೆಯಲ್ಲಿ 13ನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯ ನಿಂತಿದೆ. ಮೂರು ಗರ್ಭಗುಡಿಗಳ ಹೊಯ್ಸಳ ತ್ರಿಕೂಟ; ಎತ್ತರದ ಜಗತಿ; ಬಳಪದ ಕಲ್ಲಿನ ಮೈ. ಸಂಜೆಯ ಓರೆ ಬಿಸಿಲು ಗೋಡೆಗೆ ಬೀಳುವ ಹೊತ್ತಿಗೆ ಹೋದರೆ ಕೆತ್ತನೆಯ ಒಂದೊಂದು ಅಂಚೂ ಎದ್ದು ಕಾಣುತ್ತದೆ.

ಸಾಮಾನ್ಯವಾಗಿ ಭಕ್ತರ ಕಣ್ಣು ಮೊದಲು ಹೋಗುವುದು ದೇವರ ವಿಗ್ರಹಕ್ಕೆ. ಬಳಪದ ಗೆರೆ ಹುಡುಕಿ ಬಂದವರು ಕಂಬಗಳನ್ನು ನೋಡಬೇಕು. ಹೊಯ್ಸಳರ ಕಂಬವೆಂದರೆ ಒಂದರ ಮೇಲೊಂದು ಇಟ್ಟ ಪಾತ್ರೆಗಳ ಸಾಲು: ಕೆಳಗೆ ಚೌಕದ ಪೀಠ, ಮೇಲೆ ಗಂಟೆಯ ಆಕಾರ, ಅದರ ಮೇಲೆ ಕೊಡ, ಕೊಡದ ಮೇಲೆ ಮುಚ್ಚಳದಂಥ ಚಕ್ರ. ಡ್ರಾಯಿಂಗ್ ಮೇಷ್ಟ್ರು ಸ್ಟೂಲಿನ ಮೇಲಿಟ್ಟ ತಂಬಿಗೆಯ ಬಾಗು ಇಲ್ಲಿ ಆಳೆತ್ತರಕ್ಕೆ ಬೆಳೆದಿದೆ. ಛಾವಣಿಯಲ್ಲಿ ಬೋರಲಾಗಿ ತೂಗುವ ಮೊಗ್ಗು, ಗೋಡೆಯಲ್ಲಿ ಬಳ್ಳಿ, ಕಲಶ. ಇದು ಕಲ್ಲಿನಲ್ಲಿ ಬಿಡಿಸಿದ ವಸ್ತುಚಿತ್ರ.

ಇಂಥ ಕೆಲಸ ಗೆರೆ ಇಲ್ಲದೆ ಆಗುವುದಿಲ್ಲ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು. ಗಾಳಿಬಿಸಿಲಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಕೆತ್ತಲು ಸಲೀಸು ನಿಜ, ಆದರೆ ತಪ್ಪು ಏಟನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಉಳಿ ಮುಟ್ಟುವ ಮೊದಲು ಕಲ್ಲಿನ ಮೈಮೇಲೆ ಗೆರೆ ಬೀಳಬೇಕು: ನಡುಗೆರೆ, ಅಳತೆಯ ಚೌಕಗಳು, ಆಮೇಲೆ ಆಕಾರ. ಇಂದಿನ ಸ್ಥಪತಿಗಳೂ ಅನುಸರಿಸುವ ಕ್ರಮ ಅದೇ. ಮೊದಲ ಪದರ ಕೆತ್ತಿ ಹಾರಿಸಿದೊಡನೆ ಗೆರೆಯೂ ಚಕ್ಕೆಯ ಜೊತೆ ಹಾರಿಹೋಗುತ್ತದೆ. ಮತ್ತೆ ಗೆರೆ, ಮತ್ತೆ ಏಟು. ಫ್ರೆಂಚ್ ಕಲಾವಿದ ಒಂದು ಚಿತ್ರವನ್ನು ಒಮ್ಮೆ ಬರೆದ. ಹೊಯ್ಸಳ ಶಿಲ್ಪಿ ಒಂದು ಮೂರ್ತಿಗೆ ಹತ್ತಾರು ಸಲ ಬರೆದು, ಪ್ರತಿ ಸಲವೂ ತಾನೇ ಅದನ್ನು ಕೆತ್ತಿ ಎಸೆದ. ಹಾಗಾಗಿ ನಮ್ಮಲ್ಲಿ ಲೂವ್ರ್ ಹುಟ್ಟಲು ಕಾಗದವೇ ಇರಲಿಲ್ಲ.

ಎಲ್ಲ ಕಡೆಯೂ ಹೀಗೆಯೇ ಆಗಲಿಲ್ಲ. ಮಧ್ಯಪ್ರದೇಶದ ಭೋಜಪುರದಲ್ಲಿ 11ನೆಯ ಶತಮಾನದ ಶಿವಾಲಯ ಅರ್ಧಕ್ಕೇ ನಿಂತಿತು. ಅದರ ಸುತ್ತಲಿನ ಬಂಡೆಗಳ ಮೇಲೆ ಕಂಬ, ಶಿಖರಗಳ ನಕ್ಷೆಗಳು ಕೊರೆದ ಗೆರೆಗಳಾಗಿ ಇಂದಿಗೂ ಉಳಿದಿವೆ. ಗುಡಿ ಮುಗಿದಿದ್ದರೆ ಯಾರೂ ಅವನ್ನು ಲೆಕ್ಕಕ್ಕೆ ಇಡುತ್ತಿರಲಿಲ್ಲವೇನೋ. ಕೆಲಸ ನಿಂತದ್ದರಿಂದ ತಯಾರಿಯೇ ಸ್ಮಾರಕವಾಯಿತು.

ಆದರೂ ಹೊಯ್ಸಳ ಶಿಲ್ಪಿಗಳು ಹೆಸರಿಲ್ಲದೆ ಮರೆಯಾದವರಲ್ಲ. ಮೂರ್ತಿಯ ಪಾದಪೀಠದಲ್ಲಿ ತಮ್ಮ ಹೆಸರು ಕೊರೆದಿಟ್ಟವರು ಅವರು. ಬೇಲೂರಿನಲ್ಲಿ ಹೆಸರು ಬಿಟ್ಟುಹೋದ ದಾಸೋಜ, ಆತನ ಮಗ ಚಾವಣ ಇಬ್ಬರೂ ಬಳ್ಳಿಗಾವಿಯವರು. ಇದೇ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಮಂದಿ. ಭದ್ರಾವತಿಯಿಂದ ತರೀಕೆರೆ ಕಡೆ ಹೊರಟರೆ ಸಿಗುವ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆ. ಮಲ್ಲಿತಮ್ಮ ಎಂಬ ಶಿಲ್ಪಿ ತನ್ನ ಆರಂಭದ ಕೆಲಸ ಮಾಡಿದ್ದು ಅಲ್ಲಿನ ಛಾವಣಿಗಳಲ್ಲಿ. ಮುಂದೆ ಅದೇ ಹೆಸರು ಸೋಮನಾಥಪುರದವರೆಗೂ ಸಿಗುತ್ತದೆ. ಅವರ ಅಕ್ಷರ ಉಳಿದಿದೆ, ಮೂರ್ತಿ ಉಳಿದಿದೆ. ನಡುವಿನ ಗೆರೆಯನ್ನು ಮಾತ್ರ ನೋಡುವವರು ತಾವೇ ಊಹಿಸಿಕೊಳ್ಳಬೇಕು.

ಉಳಿದುಕೊಂಡ ಬಳಪ

ಬಳಪದ ಗೆರೆ ಅಳಿಯದೆ ಉಳಿದ ಉದಾಹರಣೆ ಇಲ್ಲವೇ? ಇದೆ. ಅದಕ್ಕೆ ತುಂಗೆಯ ಗುಂಟ ಮೇಲಕ್ಕೆ ಶೃಂಗೇರಿಗೋ, ಸಾಗರ ದಾಟಿ ಕೆಳದಿಗೋ ಹೋಗಬೇಕು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಿನ ಪುಡಿ ಸೇರಿಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕರಿಯ ಪುಸ್ತಕವೊಂದು ಸಿದ್ಧವಾಗುತ್ತಿತ್ತು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಅದೇ ಕಡತ. ಅಂಗಡಿಯ ಲೆಕ್ಕ, ಶ್ಯಾನುಭೋಗರ ಲೆಕ್ಕ, ಮಠದ ಆಯವ್ಯಯ ಎಲ್ಲಕ್ಕೂ ಕಡತವೇ ಆಧಾರ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರ. ಅಳಿಸಿ ಬರೆಯಲೆಂದೇ ಮಾಡಿದ ಪುಸ್ತಕದಲ್ಲಿ, ಯಾರೋ ಅಳಿಸದೆ ಬಿಟ್ಟ ಬಿಳಿ ಅಕ್ಷರಗಳು ಶತಮಾನಗಳನ್ನು ದಾಟಿ ಬಂದಿವೆ. ಸರ್ಕಾರಿ ಕಚೇರಿಯಲ್ಲಿ ಇಂದಿಗೂ 'ಕಡತ ವಿಲೇವಾರಿ' ಎನ್ನುವವರ ಬಾಯಲ್ಲಿರುವುದು ಇದೇ ಪದ.

ಜಿಲ್ಲೆಯಲ್ಲಿ ಈ ತಯಾರಿಯ ಗೆರೆ ಇನ್ನೂ ಬದುಕಿರುವ ಜಾಗವೆಂದರೆ ಸಾಗರ, ಸೊರಬದ ಗುಡಿಗಾರರ ಮನೆಗಳು. ಗಂಧ, ಶಿವನಿ ಮರಗಳಲ್ಲಿ ಕೆತ್ತುವ ಈ ಕುಶಲಕರ್ಮಿಗಳಿಗೂ ಚಿತ್ರವೇ ಮೊದಲ ಮೆಟ್ಟಿಲು. ಮರದ ಮೇಲೆ ನೇರವಾಗಿಯೋ, ಕಾಗದದಲ್ಲಿ ಬರೆದು ಮರಕ್ಕೆ ಅಂಟಿಸಿಯೋ ಬಳ್ಳಿ, ಹೂವುಗಳನ್ನು ಮೂಡಿಸಿ, ಆ ಗೆರೆ ಹಿಡಿದು ಉಳಿ ಓಡಿಸುತ್ತಾರೆ. ಪೆಟ್ಟಿಗೆ ಮಾರಾಟವಾಗುತ್ತದೆ, ಗೆರೆ ಪುಡಿಯ ಜೊತೆ ನೆಲಕ್ಕೆ ಬೀಳುತ್ತದೆ. ಆ ಹಾಳೆಗಳ ಒಂದೊಂದು ಪ್ರತಿಯನ್ನು ತೆಗೆದಿಡುವುದು ಕಷ್ಟದ ಕೆಲಸವೇನಲ್ಲ. ಜಿಲ್ಲೆಯಲ್ಲಿ ವಸ್ತು ಸಂಗ್ರಹಾಲಯಗಳಿವೆ: ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಅರಮನೆ ಇದೆ, ಕೆಳದಿಯಲ್ಲಿ ಸಂಗ್ರಹಾಲಯವಿದೆ. ವಿಗ್ರಹ, ಕತ್ತಿ, ತಾಳೆಗರಿಗಳ ಪಕ್ಕದಲ್ಲಿ ಗುಡಿಗಾರರ ಒಂದು ಹಾಳೆ, ಮಾರ್ಕಿಂಗ್ ಮಾಡಿದ ಒಂದು ಉಕ್ಕಿನ ಹಲಗೆ, ಡ್ರಾಯಿಂಗ್ ಮೇಷ್ಟ್ರ ಒಂದು ಕರಿಹಲಗೆಗೆ ಜಾಗವಿಲ್ಲದೇನೂ ಇಲ್ಲ. ಮಗ್ಗುಲಲ್ಲಿ ನಿಂತ ಮಗುವಿಗೆ 'ಇದು ಹೇಗೆ ಮಾಡಿದರು?' ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಅಲ್ಲಿಯೇ.

ಮಲವಗೊಪ್ಪದಿಂದ ಭದ್ರಾವತಿಯ ದೇವಾಲಯದವರೆಗೆ ಅರ್ಧ ದಿನದ ಪ್ರಯಾಣ ಸಾಕು. ಶಿವಮೊಗ್ಗದಿಂದ ಭದ್ರಾವತಿಗೆ ಬಿ.ಎಚ್. ರಸ್ತೆಯಲ್ಲಿ ಬಸ್ಸುಗಳಿಗೆ ಕೊರತೆಯಿಲ್ಲ, ರೈಲೂ ಇದೆ. ಇಡೀ ದಿನ ಕೈಯಲ್ಲಿದ್ದರೆ ಅಮೃತಾಪುರವನ್ನೂ ನೋಡಿ ಬರಬಹುದು. ಗುಡಿಯ ಕಂಬದ ಮುಂದೆ ನಿಂತಾಗ, ಆ ಕೊಡದ ಬಾಗಿನ ಮೇಲೆ ಕಣ್ಣಿನಿಂದಲೇ ಒಂದು ಗೆರೆ ಎಳೆದು ನೋಡಿ. ಎಂಟು ನೂರು ವರ್ಷಗಳ ಹಿಂದೆ ಯಾರದೋ ಕೈ ಇದೇ ಕಲ್ಲಿನ ಮೇಲೆ ಅದನ್ನು ಮೊದಲ ಸಲ ಎಳೆದಿತ್ತು.